ಪೂಜೆಗಿಟ್ಟ ಕಾದಂಬರಿ

ಸಾಲಿಗ್ರಾಮದ ಮಹಾಲಿಂಗ ಐತಾಳರು ಅಮೆರಿಕದ ಹಳೆಯ ಕಾದಂಬರಿಗಳ ಮೊದಲ ಮುದ್ರಣಗಳನ್ನು ಗುಜರಿಯಿಂದ ಹೆಕ್ಕಿ ತಂದು ಮಾರುವವರು. ಇಪ್ಪತ್ತು ವರ್ಷಗಳಲ್ಲಿ ಒಂದನ್ನೂ ಓದಿದವರಲ್ಲ. ಪುಸ್ತಕ ಬಿಡಿಸಿದರೆ ಬೆನ್ನು ಸಡಿಲವಾಗುತ್ತದೆ, ಬೆಲೆ ಇಳಿಯುತ್ತದೆ ಎಂಬುದೇ ಅವರ ವೇದವಾಕ್ಯ.

ಮಹಾನವಮಿಯ ದಿನ ಮುಂಬಯಿಯ ಗಿರಾಕಿ ಶಾನಭಾಗರು ಬಂದರೆ, ಅವರು ಕೇಳಿದ್ದ ಕಾದಂಬರಿಯನ್ನು ಐತಾಳರ ಹೆಂಡತಿ ಪಂಕಜಾಕ್ಷಿ ಶಾರದಾ ಪೂಜೆಗೆ ಇಟ್ಟುಬಿಟ್ಟಿದ್ದರು.

“ಪೂಜಿಗಿಟ್ಟದ್ದನ್ನ ಮುಟ್ಟುಕಾಗ. ನಾಳೆ ಒಂದ್ ಪುಟ ಓದಿಯೇ ತೆಗೀಕ್,” ಎಂದರು ಆಕೆ. ಶಾನಭಾಗರು ಆ ರಾತ್ರಿ ಅಲ್ಲೇ ಉಳಿದರು.

ದಶಮಿಯ ಬೆಳಿಗ್ಗೆ ಐತಾಳರು ಪುಸ್ತಕವನ್ನು ಅರೆಬರೆ ಬಿಡಿಸಿ ಮೊದಲ ಪುಟ ಓದಿ, ಹೆಂಡತಿಗೆ ಕನ್ನಡದಲ್ಲಿ ಹೇಳಿದರು. ಪುಟ ಮುಗಿಯುವಾಗ ಕಥಾನಾಯಕ ದೋಣಿಯಿಂದ ನೀರಿಗೆ ಬಿದ್ದಿದ್ದ.

“ಮುಂದೆಂತ ಆಯ್ತ್?” ಎಂದರು ಪಂಕಜಾಕ್ಷಿ.

“ಹೌದು, ಮುಂದೆ?” ಎಂದರು ಶಾನಭಾಗರು. ಅವರ ಕಪಾಟಿನ ನಾನೂರು ಪುಸ್ತಕಗಳೂ ಬಿಡಿಸದೆ ಇಟ್ಟವೇ.

ಊಟವೂ ಓದಿನ ನಡುವೆಯೇ ಆಯಿತು. ಪುಟಗಳಿಗೆ ಪಾಯಸ ತಗುಲಿತು. ಸಂಜೆ ನಾಯಕ ಸತ್ತ. ಮೂವರೂ ಗಳಗಳನೆ ಅತ್ತರು.

ಐತಾಳರು ಪುಸ್ತಕವನ್ನು ಮುಂದೆ ಚಾಚಿದರು. ಶಾನಭಾಗರು ಕಣ್ಣೊರೆಸಿಕೊಳ್ಳುತ್ತ ಹಿಂದೆ ಸರಿದರು. “ಛೆ, ಛೆ! ಓದಿದ ಪುಸ್ತಕ ನಾನು ತಗೊಳ್ಳುದಿಲ್ಲ ಮಾರಾಯ್ರೆ.”