ಗ್ರೇಸಕ್ಕನ ಶನಿವಾರ

ಗ್ರೇಸಕ್ಕ ಕಂಪ್ಯೂಟರ್ ಕಲಿಸುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ನಾವು ಎಷ್ಟೇ ತಡಕಾಡಿದರೂ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. "ನಾನು ಒತ್ತಿದ್ರೆ ನಂಗೆ ಬರುತ್ತೆ. ನೀನು ಒತ್ತು ಕಣೇ" ಎನ್ನುತ್ತಿದ್ದಳು.

ಅವಳು ಕೀನ್ಯಾದವಳು. ಎಂಬತ್ತರ ದಶಕದ ನಡುವೆ ತುಮಕೂರಿಗೆ ಇಂಜಿನಿಯರಿಂಗ್ ಓದಲು ಬಂದಿದ್ದಳು. ನನಗಿಂತ ಎರಡು ವರ್ಷ ಮುಂದೆ. ಕನ್ನಡ ಕಲಿತದ್ದು ಹಾಸ್ಟೆಲಿನ ಅಡುಗೆಯ ಪುಟ್ಟಮ್ಮನಿಂದ. ತರಕಾರಿಯವನು ಅವಳೊಂದಿಗೆ ಹರುಕು ಇಂಗ್ಲಿಷಿಗೆ ಇಳಿದರೆ, "ಸೊಪ್ಪು ಬಾಡೋಗೈತಲ್ಲಣ್ಣ" ಎಂದು ಅವನ ಬಾಯಿ ಮುಚ್ಚಿಸುವಳು. ಬೀದಿಯ ಮಕ್ಕಳು ಅವಳ ಗುಂಗುರು ಕೂದಲು ಮುಟ್ಟಲು ಬಂದರೆ ತಲೆ ಬಗ್ಗಿಸಿ ಕೊಡುತ್ತಿದ್ದಳು. ದೊಡ್ಡವರು ನೋಡಿ ನಕ್ಕರೆ ಮಾತ್ರ ಮುಖ ಬಿಗಿಯಾಗುತ್ತಿತ್ತು.

ಲ್ಯಾಬಿನಲ್ಲಿದ್ದದ್ದು ನಾಲ್ಕೇ ಕಂಪ್ಯೂಟರ್. ಹುಡುಗರು ಕೂರುತ್ತಿದ್ದರು, ನಾವು ಹುಡುಗಿಯರು ಹಿಂದೆ ನಿಂತು ಉತ್ತರ ಬರೆದುಕೊಳ್ಳುತ್ತಿದ್ದೆವು. ಗುಬ್ಬಿಯಿಂದ ಬಂದ ನನಗೆ, ಮುಟ್ಟಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಭಯ ಬೇರೆ. ಗ್ರೇಸಕ್ಕ ಲ್ಯಾಬಿನ ಮೇಷ್ಟ್ರ ಬೆನ್ನು ಬಿದ್ದು, ಶನಿವಾರ ಮಧ್ಯಾಹ್ನ ಹುಡುಗಿಯರಿಗೆಂದೇ ಎರಡು ಗಂಟೆ ಬಾಗಿಲು ತೆಗೆಸಿದಳು. ಆರು ಜನ ಹೋಗುತ್ತಿದ್ದೆವು. ನಾನು ಬರೆದ ಪ್ರೋಗ್ರಾಂ ಮೊದಲ ಸಲ ಮಗ್ಗಿ ತೋರಿಸಿದ ದಿನ ನನಗಿಂತ ಜೋರಾಗಿ ಕಿರುಚಿದ್ದು ಅವಳೇ.

ಒಂದು ಸೋಮವಾರ ಫ್ಲಾಪಿಗಳ ಡಬ್ಬಿ ಕಾಣೆಯಾಯಿತು. ಮೇಷ್ಟ್ರು ಶನಿವಾರ ಬರುತ್ತಿದ್ದ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಅವಳೊಬ್ಬಳನ್ನೇ ನೋಡುತ್ತ, "ಏನಮ್ಮಾ, ನಿಮ್ಮ ದೇಶಕ್ಕೆ ಕಳಿಸ್ಬಿಟ್ಯಾ?" ಎಂದರು. ಹುಡುಗರು ನಕ್ಕರು. ಶನಿವಾರ ಅವಳು ಆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ನನ್ನ ಮಾರ್ಕ್ಸು ಮೇಷ್ಟ್ರ ಕೈಯಲ್ಲಿತ್ತು.

ಮೂರು ದಿನದ ಮೇಲೆ ಡಬ್ಬಿ ಇನ್ನೊಬ್ಬ ಮೇಷ್ಟ್ರ ಮೇಜಿನ ಮೇಲೆ ಸಿಕ್ಕಿತು. ತಪ್ಪಾಯಿತೆಂದು ಅವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಆ ಸಂಜೆ ಅವಳ ರೂಮಿಗೆ ಹೋಗಿ ಅತ್ತೆ. "ನಾನು ನೋಡಿದ್ದೆ ಅಕ್ಕ. ಹೇಳ್ಲಿಲ್ಲ."

"ಗೊತ್ತು. ನೀನು ಹೇಳ್ತೀಯ ಅಂತ ನಿನ್ನ ಮುಖಾನೇ ನೋಡ್ತಿದ್ದೆ."

"ನೋವಾಯ್ತು ಕಣೇ" ಎಂದಳು. ಆಮೇಲೆ ತನ್ನ ಟವೆಲಿನಿಂದಲೇ ನನ್ನ ಮುಖ ಒರೆಸಿ, "ಶನಿವಾರ ತಪ್ಪಿಸ್ಬೇಡ" ಎಂದಳು.

ಅವಳು ಓದು ಮುಗಿಸಿ ತನ್ನ ದೇಶಕ್ಕೆ ಹೊರಟ ದಿನ ಬಸ್ ಸ್ಟ್ಯಾಂಡಿನವರೆಗೂ ಅವಳ ಟ್ರಂಕು ಹಿಡಿದು ಹೋದೆ. ಬಸ್ಸು ಹತ್ತುವ ಮುಂಚೆ ಕೇಳಿದಳು: "ಇನ್ಮೇಲೆ ಬಾಗಿಲು ಯಾರು ತೆಗೆಸ್ತಾರೆ?"

"ನಾನು ತೆಗೆಸ್ತೀನಿ."

"ಜೋರಾಗಿ ಕೇಳು. ಮೆಲ್ಲಗೆ ಕೇಳಿದ್ರೆ ಅವ್ರಿಗೆ ಕೇಳ್ಸಲ್ಲ."

ಆ ಶನಿವಾರ ಮೇಷ್ಟ್ರ ಮುಂದೆ ನಿಂತು ಲ್ಯಾಬಿನ ಬೀಗದ ಕೈ ಕೇಳಿದೆ. "ಅವಳು ಹೋದ್ಲಲ್ಲ, ಇನ್ಯಾಕೆ?" ಎಂದರು.

"ನಾವಿದೀವಲ್ಲ ಸಾರ್" ಎಂದೆ. ನನ್ನ ದನಿ ಕಾರಿಡಾರಿಗೂ ಕೇಳಿಸಿರಬೇಕು. ಮೇಷ್ಟ್ರು ಬೀಗದ ಕೈ ಮುಂದಕ್ಕೆ ತಳ್ಳಿದರು.

ಗ್ರೇಸಕ್ಕನಿಂದ ಎರಡು ಕಾಗದ ಬಂದವು. ಆಮೇಲೆ ಅವಳು ಯಾವುದೋ ಊರಿಗೆ ಹೋದಳು. ನಾನು ಬರೆದವು ಹಿಂದಕ್ಕೆ ಬಂದವು. ನನ್ನ ಕೊನೆಯ ವರ್ಷ, ಒಂದು ಶನಿವಾರ, ಲ್ಯಾಬಿನ ಬಾಗಿಲ ಹೊರಗೆ ಹುಡುಗಿಯರು ಬಿಟ್ಟ ಚಪ್ಪಲಿ ಎಣಿಸಿದೆ. ಹದಿನೇಳು ಜೊತೆ. ಅವಳಿಗೆ ತಿಳಿಸೋಣವೆಂದರೆ ವಿಳಾಸವಿರಲಿಲ್ಲ.