ಕಲೂರಿನಲ್ಲಿ ಕ್ಯಾರವಾನ್ ಒರೆಸಿದ್ದು

ಬಾಡಿಗೆಯ ಕ್ಯಾರವಾನನ್ನು ಕಾರಿನ ಹಿಂದೆ ಎಳೆದುಕೊಂಡು ತಿರುವನಂತಪುರದಿಂದ ಇವತ್ತು ಕಲೂರಿಗೆ ಮರಳಿದೆವು. ಅದರ ಮುಂಭಾಗದ ತುಂಬ ದಾರಿಯ ಹುಳಗಳು ಅಪ್ಪಳಿಸಿ ಒಣಗಿಹೋಗಿದ್ದವು. ತೊಳೆದೇ ಹಿಂದಿರುಗಿಸಬೇಕೆಂಬುದು ಕರಾರು. ಮಾಲೀಕರ ಅಂಗಳದಲ್ಲೇ ನಿಲ್ಲಿಸಿ ನಾನು ಉಗುರಿನಿಂದ ಕೆರೆಯತೊಡಗಿದ್ದೇ ತಡ, ಅವರು ಓಡಿಬಂದರು.

"ಅಯ್ಯೋ ಚೇಚಿ, ವೇಂಡ! ಪೇಂಟ್ ಪೋಗುಂ," ಬೇಡ ಅಕ್ಕಾ, ಬಣ್ಣ ಹೋಗುತ್ತದೆ ಎಂದು ತಡೆದು, ಒದ್ದೆ ಟವೆಲ್ ಹೊದಿಸಿ ಹತ್ತು ನಿಮಿಷ ಕಾಯಲು ಹೇಳಿದರು. ಟವೆಲ್ ತೆಗೆದರೆ, ಕಲ್ಲಿನಂತೆ ಅಂಟಿಕೊಂಡಿದ್ದ ಹುಳಗಳು ಬಟ್ಟೆ ತಾಗಿದರೆ ಸಾಕು, ಕಳಚಿ ಬರುತ್ತಿದ್ದವು.

ಹನ್ನೆರಡು ವರ್ಷದ ಮಗಳು ಅನು ಪಕ್ಕದಲ್ಲೇ ಒರೆಸುತ್ತಿದ್ದಳು. ಬ್ಯಾಂಕಿನವರು ನನ್ನನ್ನು ಮೈಸೂರಿಗೆ ವರ್ಗ ಮಾಡಿದ್ದಾರೆ. ನನ್ನಿಂದ ಬೇರೆಯಾದ ಅವಳಪ್ಪ ಇಲ್ಲೇ ಹತ್ತಿರ ಕಾಕ್ಕನಾಡಿನಲ್ಲಿದ್ದಾರೆ. ಯಾರ ಜೊತೆ ಇರುವುದೆಂದು ಅವಳೇ ಹೇಳಲಿ ಎಂದು ಇಬ್ಬರೂ ಒಪ್ಪಿದ್ದೆವು. ಅವಳ ಮನಸ್ಸು ಗೆಲ್ಲಲೆಂದೇ ನಾನು ಈ ನಾಲ್ಕು ದಿನದ ಪ್ರವಾಸ ಏರ್ಪಡಿಸಿದ್ದು.

"ಮೈಸೂರಲ್ಲಿ ನಿಂಗೇ ಅಂತ ಒಂದು ರೂಮು ಇರತ್ತೆ ಕಣೇ," ಎಂದೆ.

ಅವಳು ಬಟ್ಟೆ ಹಿಂಡಿದಳು. "ಅಮ್ಮಾ, ನಾನು ಅಪ್ಪನ ಜೊತೆ ಇರ್ತೀನಿ. ನೀನು ಹೋಗು."

ಶಾಲೆಗೆ ಸೇರಿದಾಗಿನಿಂದ ನನಗೆ ಮಲಯಾಳದಲ್ಲೇ ಉತ್ತರ ಕೊಡುವವಳು ಇದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು. ಎಷ್ಟು ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದ್ದಳೋ. ನಾನು "ಆಯ್ತು" ಎಂದೆ.

ಮಾಲೀಕರು ಬಂದು ಕೈಯಾಡಿಸಿ ನೋಡಿ, "ಮದಿ ಚೇಚಿ, ಕ್ಲೀನಾಯಿ," ಎಂದರು. ಸಾಕೆಂದರೂ ನಾನು ಒರೆಸುತ್ತಲೇ ಇದ್ದೆ. ಅನು ತನ್ನ ಚೀಲವನ್ನು ಕಾರಿನಿಂದ ಇಳಿಸಿಕೊಂಡು ಅಪ್ಪನಿಗೆ ಫೋನ್ ಮಾಡುತ್ತಿದ್ದಳು.