ಕೊಂಕುರಾಯನ ಖಾಲಿ ಕಪಾಟು

ಕೃತಕ ಹಲ್ಲು ಕಟ್ಟುವ ಆ ಮನುಷ್ಯನ ನಿಜವಾದ ಹೆಸರು ಗೆಳೆಯರ ಬಳಗದಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ಕೊಂಕುರಾಯ. ವಾರವಿಡೀ ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಹಲ್ಲಿನ ಸೆಟ್ಟು ಕಟ್ಟುತ್ತಾನೆ; ರಜೆಯ ದಿನ ಬೊಂಬೆಗಳಲ್ಲಿ ತಪ್ಪು ಹುಡುಕುತ್ತಾನೆ. ಬೊಂಬೆಯೆಂದರೆ ಮಕ್ಕಳು ಆಡುವ ಬೊಂಬೆಯಲ್ಲ. ಒಂದಡಿ ಎತ್ತರದ ಸೂಪರ್‌ಹೀರೋಗಳು. ಮೈಯೆಲ್ಲ ಕೀಲು, ಕಳಚಿ ಬದಲಾಯಿಸಲು ಬೇರೆ ಬೇರೆ ಕೈ, ಸಿಟ್ಟಿಗೊಂದು ನಗುವಿಗೊಂದು ಮುಖ, ನಿಜವಾದ ಬಟ್ಟೆಯ ಉಡುಪು. ಮೀಸೆ ನರೆತ ಗಂಡಸರು ಇಂಥ ಒಂದು ಪೆಟ್ಟಿಗೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಬಂದ ಮೇಲೆ ಅದರ ಸೀಲನ್ನು ತಾವು ಒಡೆಯುವುದಿಲ್ಲ. ಕೊಂಕುರಾಯನೇ ಒಡೆಯಬೇಕು, ಅವನೇ ನೋಡಬೇಕು, ಅವನೇ ಹೂಂ ಅಥವಾ ಊಹೂಂ ಅನ್ನಬೇಕು. ಬಳಗದ ನಿಯಮ ಅದು.

ಅವನ ಪರೀಕ್ಷೆಗೊಂದು ಕ್ರಮವಿದೆ. ಕಿಟಕಿಯ ಪಕ್ಕ ಮೇಜು, ಕೈಗೆ ಬಿಳಿ ಹತ್ತಿಯ ಕೈಗವಸು. ಹಲ್ಲಿನ ಡಾಕ್ಟರು ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯಿಂದ ಹೀರೋನ ಕಿವಿಯ ಹಿಂದೆ, ಕಂಕುಳಲ್ಲಿ, ಗದ್ದದ ಕೆಳಗೆ ಇಣುಕುತ್ತಾನೆ. ಬಣ್ಣ ಗೆರೆ ದಾಟಿದೆಯೇ, ಅಂಟು ಹೊರಗೆ ಬಂದಿದೆಯೇ ಎಂದು ನೋಡುತ್ತಾನೆ. ಕೊನೆಗೆ ಆಸರೆಯಿಲ್ಲದೆ ಒಂಟಿ ಕಾಲಲ್ಲಿ ನಿಲ್ಲಿಸಿ, ಎದುರು ಕೂತು ಟೀ ಕುಡಿಯುತ್ತಾನೆ. ಲೋಟ ಬರಿದಾಗುವ ತನಕ ಹೀರೋ ಬೀಳದಿದ್ದರೆ ಕೀಲು ಗಟ್ಟಿ.

ತನಗೆಂದು ಅವನು ಒಂದನ್ನೂ ಕೊಂಡಿರಲಿಲ್ಲ. ಒಳಗೆ ದೀಪವಿರುವ ಗಾಜಿನ ಕಪಾಟನ್ನು ಮದುವೆಯಾದ ಹೊಸತರಲ್ಲೇ ಮಾಡಿಸಿದ್ದ. ಅದರಲ್ಲಿಡಲು ಯೋಗ್ಯವಾದ, ತಪ್ಪಿಲ್ಲದ ಹೀರೋ ಇಂದಿನವರೆಗೆ ಸಿಕ್ಕಿರಲಿಲ್ಲ. ಹಾಗಾಗಿ ಕಪಾಟಿನ ತುಂಬ ಹಾಸಿಗೆಯ ಹೊದಿಕೆಗಳು ದೀಪದ ಬೆಳಕಿನಲ್ಲಿ ಮೆರೆಯುತ್ತಿದ್ದವು.

"ಇವರಿಗೆ ಯಾವುದೂ ಹಿಡಿಸಲ್ಲ. ನಾನು ಅದು ಹೇಗೆ ಪಾಸಾದೆನೋ!" ಎಂದು ಹೆಂಡತಿ ಬಂದವರೆದುರು ಹೇಳುವಳು.

"ಆಗಿನ್ನೂ ನನಗೆ ಕನ್ನಡಕ ಬಂದಿರ್ಲಿಲ್ಲ," ಎಂದು ಕೊಂಕುರಾಯ ಹೇಳುವನು.

ಬಳಗದ ಮಕ್ಕಳ ಡಾಕ್ಟರು ಒಂದು ಸಂಜೆ ದೊಡ್ಡ ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ಬಂದರು. ಒಳಗಿದ್ದವನು ಸಿಡಿಲುಗಾರನೆಂಬ ಹೀರೋ, ಕೊನೆಯ ಯುದ್ಧದ ಉಡುಪಿನಲ್ಲಿ.

"ನಾಳೆ ಸಂಜೆ ಬರ್ತೀನಿ. ನೀವು ಹೂಂ ಅಂದ್ರೆ ಇಟ್ಕೋತೀನಿ, ಊಹೂಂ ಅಂದ್ರೆ ವಾಪಸ್. ಹೋದ ಸಲ ಸಾಸಿವೆಕಾಳಿನಷ್ಟು ಅಂಟು ತೋರ್ಸಿ ನನ್ನ ನಿದ್ದೆ ಕೆಡಿಸಿದ್ರಿ, ಮಾರಾಯ್ರೆ."

ಮರುದಿನ ಬೆಳಿಗ್ಗೆ ಸೀಲು ಒಡೆದಾಗ ಕೊಂಕುರಾಯ ಕನ್ನಡಿ ಎತ್ತಿಕೊಳ್ಳುವುದನ್ನೇ ಮರೆತ. ಕೆಂಪು ಮೇಲಂಗಿಯ ಅಂಚನ್ನು ಕಂಪನಿಯವರು ಬೇಕೆಂದೇ ಕೈಯಿಂದ ಸುಟ್ಟು, ಹರಿದು, ಎಳೆ ಬಿಡಿಸಿದ್ದರು. ಒಂದರಂತೆ ಇನ್ನೊಂದು ಇರುವುದಿಲ್ಲ. ಜನ ಬಾಯಿಬಿಡುತ್ತಿದ್ದುದೇ ಆ ಹರಕಿಗೆ.

ಅಷ್ಟರಲ್ಲಿ ಫೋನು ಬಂತು. ಮಧ್ಯಾಹ್ನ ಭಾಷಣ ಮಾಡಬೇಕಿದ್ದ ಹಿರಿಯರೊಬ್ಬರ ಹಲ್ಲಿನ ಸೆಟ್ಟು ಎರಡು ಹೋಳಾಗಿತ್ತು. ಕೊಂಕುರಾಯ ಸಿಡಿಲುಗಾರನನ್ನು ಕಪಾಟಿನಲ್ಲಿ ಹೊದಿಕೆಗಳ ನಡುವೆ ನಿಲ್ಲಿಸಿ ಓಡಿದ.

ಮನೆಯಲ್ಲಿ ಅತ್ತೆ ಇದ್ದರು, ಹೆಂಡತಿಯ ತಾಯಿ. ಕೈ ಸೋಲುವ ತನಕ ದರ್ಜಿಯ ಕೆಲಸ ಮಾಡಿದವರು. ಕಣ್ಣಿನ ಪೊರೆ ತೆಗೆಸಿಕೊಂಡು ಈಚೆಗಷ್ಟೇ ಮಗಳ ಮನೆಗೆ ಬಂದಿದ್ದರು. ಹೊಸ ಕಣ್ಣಿಗೆ ಲೋಕದ ಕೊಳೆಯೆಲ್ಲ ಒಟ್ಟಿಗೇ ಕಾಣಿಸಿ, ಕೈ ಸುಮ್ಮನಿರುತ್ತಿರಲಿಲ್ಲ. ಅವರು ಹೊದಿಕೆ ತೆಗೆಯಲು ಕಪಾಟಿಗೆ ಹೋದರು.

ಕೊಂಕುರಾಯ ಹಿಂದಿರುಗಿ ಕಪಾಟು ತೆರೆದ. ಮೇಲಂಗಿಯ ಹರಕು ಅಂಚು ಮಾಯವಾಗಿತ್ತು.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಅಳಿಯಂದ್ರೆ," ಅತ್ತೆ ಬೀಗುತ್ತ ಬಂದರು. "ಪಾಪ, ಅಂಚೆಲ್ಲ ಪಿಸಿದು ಜೋತಾಡ್ತಿತ್ತು. ಸುಟ್ಟಿದ್ದನ್ನ ಕತ್ತರಿಸಿ, ಮಡಚಿ ಹೊಲ್ದೆ. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸ್ದೆ. ಕನ್ನಡಕವೂ ಬೇಕಾಗ್ಲಿಲ್ಲ!"

ಅವನು ಪುಟ್ಟ ಕನ್ನಡಿ ಹಿಡಿದು ನೋಡಿದ. ಹೊಲಿಗೆಯಲ್ಲಿ ಕೂದಲೆಳೆಯಷ್ಟು ಸೊಟ್ಟವಿರಲಿಲ್ಲ. ಯಂತ್ರವೂ ನಾಚಬೇಕು.

ಹೆಂಡತಿ ಅವನನ್ನು ಅಡುಗೆಮನೆಗೆ ಎಳೆದಳು. "ಡಾಕ್ಟ್ರು ಪೆಟ್ಟಿಗೆ ತೆರೆದೇ ಇಲ್ಲ. ಕಂಪನಿಯವರೇ ಹೀಗೆ ಕಳ್ಸಿದಾರೆ, ಊಹೂಂ ಅಂದ್ಬಿಡಿ. ವಾಪಸ್ ಹೋಗುತ್ತೆ. ಅಮ್ಮನಿಗೂ ಬೇಜಾರಿಲ್ಲ, ನಿಮ್ಮ ಮರ್ಯಾದೆಗೂ ಮುಕ್ಕಿಲ್ಲ."

ಒಂದೇ ಮಾತು ಸಾಕಿತ್ತು. ಆದರೆ ಬಳಗದಲ್ಲಿ ಅವನಿಗಿದ್ದ ಆಸ್ತಿಯೆಂದರೆ ಆ ಒಂದು ಮಾತೇ. ಎಷ್ಟೋ ಜನರ ಸಂತೋಷವನ್ನು ಅವನು ಆ ಮಾತಿನಿಂದ ಮಣ್ಣುಪಾಲು ಮಾಡಿದ್ದ, ಅವರೂ ತುಟಿಪಿಟಕ್ಕೆನ್ನದೆ ಒಪ್ಪಿದ್ದರು. ಅಂದು ಸಿಡಿಲುಗಾರ ಒಂಟಿ ಕಾಲಲ್ಲಿ ನಿಂತೇ ಇದ್ದ, ಎದುರಿನ ಲೋಟದಲ್ಲಿ ಟೀ ತಣ್ಣಗಾಯಿತು.

ಸಂಜೆ ಡಾಕ್ಟರು ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕೊಂಕುರಾಯ ಸಿಡಿಲುಗಾರನನ್ನು ಮೇಜಿನ ಮೇಲೆ ನಿಲ್ಲಿಸಿದ.

"ಕೀಲು ಗಟ್ಟಿಯಾಗಿದೆ, ಹತ್ತಕ್ಕೆ ಒಂಬತ್ತು. ಹಲ್ಲಿಗೆ ಐದು ಸಾಕು, ಎಲ್ಲಾ ಒಂದೇ ಬಿಳುಪು. ಜಗತ್ತು ಕಾಪಾಡೋನು ಟೀ ಕುಡಿಯಲ್ವಾ? ಇನ್ನು ಮೇಲಂಗಿ..." ಅವನು ಕೈಗವಸು ಕಳಚಿಟ್ಟ. "ಮೇಲಂಗಿಗೆ ಸೊನ್ನೆ. ಅಂಚು ಮೂಲದ್ದಲ್ಲ. ಇವತ್ತು ನಮ್ಮನೇಲಿ ಹೊಲಿದದ್ದು. ಬೀಗ ಹಾಕದೆ ಹೋದ ತಪ್ಪು ನಂದು."

ಡಾಕ್ಟರ ಮುಖ ಸೂಜಿ ಕಂಡ ಮಗುವಿನಂತಾಯಿತು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಸೊನ್ನೆನಾ? ಏನ್ರೀ ಅಳಿಯಂದ್ರೆ, ನನ್ನ ಹೊಲಿಗೆಗೆ ಸೊನ್ನೆನಾ?"

"ಹೊಲಿಗೆಗಲ್ಲ ಅತ್ತೆ, ಮೇಲಂಗಿಗೆ. ಅದು ಹರಿದಿದ್ರೇನೇ ಬೆಲೆ."

"ಹರಿದಿದ್ದಕ್ಕೆ ಬೆಲೆನಾ! ಹಾಗಾದ್ರೆ ಡಾಕ್ಟ್ರೇ, ಇವರ ಹಳೇ ಬನಿಯನ್ನುಗಳಿವೆ, ತಂದ್ಕೊಡ್ಲಾ?"

ಡಾಕ್ಟರು ತಡೆಯಲಾರದೆ ನಕ್ಕುಬಿಟ್ಟರು. ಕೊಂಕುರಾಯ ನಗಲಿಲ್ಲ. "ನಿಮಗೆ ಹೊಸದು ನಾನೇ ತರ್ಸಿಕೊಡ್ತೀನಿ. ಇದು ನನಗಿರ್ಲಿ."

"ಮತ್ತೆ ಕಾಯ್ಬೇಕಲ್ಲ ಮಾರಾಯ್ರೆ!"

"ಕಾಯ್ಬೇಕು."

"ಆಯ್ತು ಬಿಡಿ. ಕೊಂಕುರಾಯ ತನ್ನ ಮನೆಗೇ ಸೊನ್ನೆ ಕೊಟ್ಕೊಂಡಿದ್ದು ಕಣ್ಣಾರೆ ನೋಡಿದ್ನಲ್ಲ, ಅಷ್ಟು ಸಾಕು."

ಹೆಂಡತಿ ಕಪಾಟಿನ ಮೇಲಿನ ಅಂಕಣ ಖಾಲಿಮಾಡಿದಳು. ಮುಂದಿನ ರಜೆಗೆ ಬಳಗದವರೆಲ್ಲ ಭೂತಗನ್ನಡಿ ಹಿಡಿದು ಬಂದರು. ಹಳೆಯ ಬಾಕಿ ತೀರಿಸುವ ಉತ್ಸಾಹ ಎಲ್ಲರ ಮುಖದಲ್ಲಿತ್ತು.

"ಇವನಿಗೆ ಒಟ್ಟು ಎಷ್ಟು ಅಂಕ ಸ್ವಾಮಿ?"

"ಅವನು ಪರೀಕ್ಷೆಗೆ ಬಂದೋನಲ್ಲ," ಎಂದ ಕೊಂಕುರಾಯ. "ನಮ್ಮನೆಯೋನು."

ಎಲ್ಲರೂ ಹೋದ ಮೇಲೆ ಅತ್ತೆ ಅಳತೆಪಟ್ಟಿ ಹಿಡಿದು ಬಂದು ಗಾಜಿಗೆ ಮೂಗು ಹಚ್ಚಿದರು. "ಪ್ಯಾಂಟೂ ಬಿಗಿ ಕಣ್ರೀ. ಕೂತ್ರೆ ಬಿರಿಯುತ್ತೆ. ಸ್ವಲ್ಪ ಸಡಿಲ ಮಾಡ್ಲಾ?"

ಅದು ಅವನಿಗೂ ಮೊದಲ ದಿನವೇ ಕಂಡಿತ್ತು. ಮೇಜಿನ ಖಾನೆಯಿಂದ ಇನ್ನೊಂದು ಜೊತೆ ಬಿಳಿ ಕೈಗವಸು ತೆಗೆದು ಅವರ ಮುಂದೆ ಹಿಡಿದ.

"ಮೊದಲು ಇದನ್ನ ಹಾಕ್ಕೊಳ್ಳಿ."